ಕ್ಯಾನಿಗೆ ಬಗ್ಗದ ಸೊಂಟ ಪೇಷಂಟ್ ಎತ್ತೋವಾಗ ಯಾಕೆ ಹಿಡ್ಕೊಳ್ಳುತ್ತೆ?

(ಮನೆ ಮೆಟ್ಟಿಲು. ಪಕ್ಕದಲ್ಲಿ 20 ಲೀಟರ್ ನೀರಿನ ಕ್ಯಾನ್.)

ನಮಸ್ಕಾರ. ಇದು 20 ಕೆಜಿ ಭಾರ. ನಮ್ಮ ಮೇಲ್ಗಡೆ ಮನೆಯಲ್ಲಿ ಬಾಡಿಗೆಗಿರೋ ಸಿಸ್ಟರ್ ಇದನ್ನ ಎದೆಗೆ ಅವುಚ್ಕೊಂಡು ಎರಡನೇ ಮಹಡಿಗೆ ಒಂದೇ ಉಸಿರಿಗೆ ಹತ್ತಿಬಿಡ್ತಾರೆ. ನಾನು ಮಧ್ಯ ಎರಡು ಸಲ ಇಳಿಸ್ತೀನಿ, ಅದು ಬೇರೆ ವಿಷಯ. ಆದ್ರೆ ಡ್ಯೂಟಿ ಮುಗಿಸಿ ಬರುವಾಗ ಅದೇ ಸಿಸ್ಟರ್ ಸೊಂಟಕ್ಕೆ ಕೈ ಕೊಟ್ಕೊಂಡು ಮೆಟ್ಟಿಲು ಹತ್ತುತ್ತಾರೆ. ಮೊನ್ನೆ ಕೇಳಿದ್ರು: "ಅಣ್ಣಾ, ಕ್ಯಾನಿಗೆ ಏನೂ ಆಗದ ಸೊಂಟ ಪೇಷಂಟ್‌ನ ಮಂಚದ ತಲೆಗಡೆಗೆ ಸರಿಸೋವಾಗ ಯಾಕೆ ಹಿಡ್ಕೊಳ್ಳುತ್ತೆ?"

ಬೇಸಿಕ್ಸ್ ಹತ್ತೇ ಸೆಕೆಂಡು. ಬೆನ್ನುಮೂಳೆಗಳ ಮಧ್ಯೆ ಮೆತ್ತೆ ಥರ ಇರೋದು ಡಿಸ್ಕ್. ಅದರ ಹಿಂದೆ ಸುಮಾರು 5 ಸೆಂ.ಮೀ. ದೂರದಲ್ಲಿ ಸ್ನಾಯು. ಭಾರ 50 ಸೆಂ.ಮೀ. ಮುಂದಿದ್ರೆ ಸ್ನಾಯು ಹತ್ತು ಪಟ್ಟು ಜಗ್ಗಬೇಕು. ಆ ಜಗ್ಗಾಟವೆಲ್ಲ ಡಿಸ್ಕ್ ಮೇಲೆ ಬೀಳುತ್ತೆ.

ಈಗ ನನ್ನ ಫೇವರಿಟ್ ಭಾಗ. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತವರ ತಂಡ ಒಬ್ಬ ವಾಲಂಟಿಯರ್ ಡಿಸ್ಕ್ ಒಳಗೇ ಪ್ರೆಷರ್ ಸೆನ್ಸರ್ ಇಟ್ಟು ಅಳತೆ ಮಾಡಿದ್ರು. ಮಲಗಿಸಿದ್ರು, ನಗಿಸಿದ್ರು, ಭಾರ ಎತ್ತಿಸಿದ್ರು. ಮಹಾನುಭಾವ, ಯಾರಪ್ಪ ಒಪ್ಕೊಂಡ!

ಬಂಕಲ್ಲಿ ಕಾರಿನ ಟೈರಿಗೆ "32 ಹೊಡಿ" ಅಂತೀವಲ್ಲ, ಅದೇ ಲೆಕ್ಕದಲ್ಲಿ ಹೇಳ್ತೀನಿ. ಸುಮ್ಮನೆ ನಿಂತ್ರೆ ಡಿಸ್ಕಲ್ಲಿ ಸುಮಾರು 70. 20 ಕೆಜಿ ಎದೆಗೆ ಒತ್ಕೊಂಡ್ರೆ 160. ಅದನ್ನೇ ಎದೆಯಿಂದ 60 ಸೆಂ.ಮೀ. ದೂರ ಹಿಡಿದ್ರೆ 260. ಬೆನ್ನು ಬಗ್ಗಿಸಿ ನೆಲದಿಂದ ಎತ್ತಿದ್ರೆ 330! ಹತ್ತು ಟೈರಿನ ಒತ್ತಡ, ಒಂದು ಡಿಸ್ಕಲ್ಲಿ. ಒಬ್ಬನ ಮೇಲೆ ಮಾಡಿದ ಅಳತೆ, ನಿಮ್ಮದು ಹಿಂದೆ ಮುಂದೆ ಇರಬಹುದು. ಆದ್ರೆ ಭಾರ ಅದೇ 20 ಕೆಜಿ, ಬದಲಾಗಿದ್ದು ಜಾಗ ಮಾತ್ರ.

ಸಿಸ್ಟರ್ ಪ್ರಶ್ನೆಗೆ ಉತ್ತರ ಸಿಕ್ತಲ್ಲ? ಕ್ಯಾನ್ ಎದೆಗೆ ಅಂಟಿರುತ್ತೆ. ಪೇಷಂಟ್ ಮಂಚದ ಮಧ್ಯದಲ್ಲಿರ್ತಾರೆ, ನಡುವೆ ಕಂಬಿ ಬೇರೆ. ಅದಲ್ಲದೆ, ಯಾವ ಕ್ಯಾನೂ ಗಾಬರಿಯಾಗಿ ನಿಮ್ಮ ಕುತ್ತಿಗೆಗೆ ಜೋತು ಬೀಳಲ್ಲ.

ಕೆಲಸಗಾರರ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ, ಎಲ್ಲ ಅನುಕೂಲ ಇದ್ರೂ ಪೇಷಂಟ್ ವಿಷಯದಲ್ಲಿ ಕೈಯಿಂದ ಎತ್ತೋ ಭಾರದ ಮಿತಿ ಸುಮಾರು 16 ಕೆಜಿ. ಒಂದು ಕ್ಯಾನೂ ಆಗಲಿಲ್ಲ. 60 ಕೆಜಿ ಪೇಷಂಟ್ ಅಂದ್ರೆ ಮೂರು ಕ್ಯಾನು! ಹಾಗಾಗಿ "ಸರಿಯಾಗಿ ಎತ್ತಿ" ಅನ್ನೋ ಪೋಸ್ಟರ್ ನನಗೆ ಅರ್ಧ ಜೋಕು. ಎತ್ತಬೇಡಿ, ಜಾರಿಸಿ.

(ಸಿಸ್ಟರ್ ನಮ್ಮ ದಿವಾನದ ಮೇಲೆ ತೋರಿಸ್ತಾರೆ. ಪೇಷಂಟ್: ಕ್ಯಾಮೆರಾಮನ್.)

ಮೊದಲು ಮಂಚದ ಹ್ಯಾಂಡಲ್ ತಿರುಗಿಸಿ ಸೊಂಟದ ಎತ್ತರಕ್ಕೆ ತನ್ನಿ, ತಲೆಗಡೆ ಚಪ್ಪಟೆ ಮಾಡಿ, ಕಂಬಿ ಇಳಿಸಿ. ಪೇಷಂಟ್ ಕೈಲಾದ್ರೆ ಮಂಡಿ ಮಡಚಿ ಹಿಮ್ಮಡಿ ಊರಲಿ. ಈ ಕಡೆ ಒಬ್ಬರು, ಆ ಕಡೆ ಒಬ್ಬರು. ಡ್ರಾ ಶೀಟ್, ಅಂದ್ರೆ ಪೇಷಂಟ್ ಕೆಳಗೆ ಅಡ್ಡ ಹಾಸಿರೋ ಬಟ್ಟೆ, ಅದರ ಅಂಚನ್ನ ಪೇಷಂಟ್ ಮೈ ಹತ್ತಿರಕ್ಕೆ ಸುತ್ತಿ ಹಿಡೀರಿ. ಒಂದು, ಎರಡು, ಮೂರು... ತೋಳಿಂದ ಎಳೀಬೇಡಿ, ಹಿಂದಿನ ಕಾಲಿಂದ ಮುಂದಿನ ಕಾಲಿಗೆ ಮೈಭಾರ ಬಿಡಿ.

"ಹ್ಯಾಂಡಲ್ ತಿರುಗಿದ್ರೆ ತಾನೆ ಅಣ್ಣಾ" ಅಂದ್ರು ಸಿಸ್ಟರ್. ಅವರ ವಾರ್ಡಲ್ಲಿ ಅರ್ಧಕ್ಕರ್ಧ ತುಕ್ಕು. ಅದಕ್ಕೆ ನರ್ಸ್‌ಗಳಿಗೆ ಯೋಗ ಕ್ಲಾಸ್ ಇಟ್ಟಿದ್ದಾರಂತೆ. ಎಣ್ಣೆ ಬಿಡೋದು ಇನ್ನೂ ಸುಲಭ ಅಲ್ವಾ ಸ್ವಾಮಿ?

ನೈಟ್ ಡ್ಯೂಟಿಯವರಿಗೆ ಇನ್ನೊಂದು. ಮಲಗಿದಾಗ ಡಿಸ್ಕ್ ನೀರು ಕುಡಿದು ಉಬ್ಬುತ್ತೆ. ಅದೇ ಪ್ರಯೋಗದಲ್ಲಿ ಏಳು ಗಂಟೆ ನಿದ್ದೆಯಲ್ಲಿ ಒತ್ತಡ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಎದ್ದ ಮೊದಲ ಒಂದು ಗಂಟೆ ಜಾಸ್ತಿ ಬಗ್ಗಬೇಡಿ. ನಿಮಗೆ ಬೆಳಗಾಗೋದು ಮಧ್ಯಾಹ್ನ ನಾಲ್ಕಕ್ಕೆ. ಎದ್ದ ತಕ್ಷಣ ಬಟ್ಟೆ ಬಕೆಟ್‌ಗೆ ಬಗ್ತೀರ. ಬಕೆಟ್‌ನ ಸ್ಟೂಲ್ ಮೇಲಿಡಿ.

ಎಡಿಟರ್ ಗಡಿಯಾರ ತೋರಿಸ್ತಿದ್ದಾನೆ, ಬೇಗ ಬೇಗ: ಟ್ರಾಲಿ ಎಳೀಬೇಡಿ, ತಳ್ಳಿ. ಸೊಂಟ ತಿರುಚಬೇಡಿ, ಪಾದ ತಿರುಗಿಸಿ. ಬೀಳ್ತಿರೋ ಪೇಷಂಟ್‌ನ ತಡೆದು ನಿಲ್ಲಿಸೋಕೆ ಹೋಗಬೇಡಿ, ಮೈಗೆ ಆನಿಸ್ಕೊಂಡು ನೆಲಕ್ಕೆ ಇಳಿಸಿ. ಬೆಲ್ಟ್ ಕಟ್ಟಿದ್ರೆ ನೋವು ಬರಲ್ಲ ಅಂತ ನಂಬ್ಕೊಂಡು ಕೂರಬೇಡಿ. ಕಾಲಲ್ಲಿ ಶಕ್ತಿ ಕಮ್ಮಿ ಆದ್ರೆ, ತೊಡೆಸಂದಿ ಜೋಮು ಹಿಡಿದ್ರೆ, ಮೂತ್ರ ಕಟ್ಟಿದ್ರೆ ಡ್ಯೂಟಿ ಬಿಟ್ಟು ಆಗಲೇ ಡಾಕ್ಟರ್ ಹತ್ರ ಹೋಗಿ.

ಸರಿ, ಈ ಕ್ಯಾನ್ ಇವತ್ತು ನಾನೇ ಮೇಲಕ್ಕೆ ಕೊಟ್ಟು ಬರ್ತೀನಿ.

(ಮೊದಲನೇ ಮಹಡಿಯಲ್ಲಿ ಇಳಿಸ್ತಾನೆ.)