ರೀರನ್ ಒತ್ತುವ ಮೊದಲು ಒಂದು ಸಾಲು ಬರೆಯಿರಿ

ನಮಸ್ಕಾರ. ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮದು ಮಂಡ್ಯದ ಪಕ್ಕದ ಹಳ್ಳಿ, ಕೆಲಸ ಮೈಸೂರಿನಲ್ಲಿ. ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಬಿಲ್ಡ್, ಅಂದರೆ ಹೊಸ ಕೋಡ್ ಜೋಡಿಸಿ ಟೆಸ್ಟ್‌ಗಳನ್ನೆಲ್ಲ ಓಡಿಸುವ ಕೆಲಸ, ಕೆಂಪಾಯಿತು. ಒಂದು ಟೆಸ್ಟ್ ಫೇಲ್. ಇನ್ನೊಂದು ಸಲ ಓಡಿಸುವ ಬಟನ್, ರೀರನ್, ಒತ್ತಿದೆ. ಮತ್ತೆ ಕೆಂಪು. ಮತ್ತೆ ಒತ್ತಿದೆ. ಹಸಿರು. ನನ್ನ ಕೋಡನ್ನು ಎಲ್ಲರ ಕೋಡಿನ ಜೊತೆ ಮರ್ಜ್ ಮಾಡಿ, ಅಂದರೆ ಸೇರಿಸಿ, ಕಾಫಿ ಲೋಟ ಎತ್ತಿಕೊಂಡೆ.

ಪಕ್ಕದಲ್ಲಿದ್ದ ಅಪ್ಪ ಕೇಳಿದರು, "ಏನ್ಲಾ ಅದು, ಕೆಂಪು ಬಂದಾಗೆಲ್ಲ ಒತ್ತೀಯ?"

ಹೇಳಿದೆ. ನಾವು ಬರೆದ ಕೋಡ್ ಸರಿ ಇದೆಯಾ ಅಂತ ಕಂಪ್ಯೂಟರೇ ನೋಡುತ್ತದೆ, ಕೆಲವು ಸಲ ಸುಮ್ನೆ ತಪ್ಪು ಅನ್ನುತ್ತದೆ, ಇನ್ನೊಂದು ಸಲ ಓಡಿಸಿದರೆ ಸರಿ ಅನ್ನುತ್ತದೆ.

ಅಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಅಲ್ಲ ಕಣ್ಲಾ, ಫ್ಯಾಕ್ಟರೀಲಿ ಕಬ್ಬಿನ ಲಾರೀನ ಮೂರ್ ಸಲ ತೂಗಿ, ಅವ್ರಿಗೆ ಬೇಕಾದ್ ತೂಕ ಬಂದಾಗ ಚೀಟಿ ಕೊಟ್ರೆ ನಾವ್ ಸುಮ್ನಿರ್ತೀವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಫಿ ಕುಡಿದೆ.

ಇಂಥ ಟೆಸ್ಟ್‌ಗಳನ್ನು ಫ್ಲೇಕಿ ಟೆಸ್ಟ್ ಅನ್ನುತ್ತೇವೆ. ಕೋಡ್ ಒಂದಕ್ಷರ ಬದಲಾಗಿರುವುದಿಲ್ಲ, ಫಲಿತಾಂಶ ಮಾತ್ರ ಬದಲಾಗುತ್ತದೆ. ಇದು ಚಿಕ್ಕ ಕಂಪನಿಗಳ ಗೋಳು ಅಂದುಕೊಳ್ಳಬೇಡಿ. 2016ರಲ್ಲಿ ಗೂಗಲ್‌ನವರೇ ಹೇಳಿಕೊಂಡಿದ್ದಾರೆ, ತಮ್ಮ ಟೆಸ್ಟ್‌ಗಳಲ್ಲಿ ಸುಮಾರು ಶೇ. 16ರಷ್ಟಕ್ಕೆ ಈ ಚಾಳಿ ಇದೆ ಅಂತ. ಪಾಸ್ ಆಗುತ್ತಿದ್ದದ್ದು ಫೇಲ್‌ಗೆ ತಿರುಗಿದಾಗ, ಅದರಲ್ಲಿ ಶೇ. 84ರಷ್ಟು ಸಲ ಫ್ಲೇಕಿ ಟೆಸ್ಟ್‌ನ ಕೈವಾಡ ಇತ್ತಂತೆ.

ಲೆಕ್ಕ ಹಾಕಿ ನೋಡಿ. ಒಂದು ಟೆಸ್ಟ್ 200 ಸಲಕ್ಕೆ ಒಮ್ಮೆ ಸುಮ್ಮಸುಮ್ಮನೆ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಅಂಥವು 200 ಇದ್ದರೆ, 100 ಬಿಲ್ಡ್‌ನಲ್ಲಿ ಹಸಿರು ಬರುವುದು ಸುಮಾರು 37 ಮಾತ್ರ. ಉಳಿದ 63ರಲ್ಲಿ ಯಾರದೂ ತಪ್ಪಿಲ್ಲದೆ ಕೆಂಪು. ಆಮೇಲೆ ನಿಜವಾದ ತಪ್ಪಿಗೆ ಕೆಂಪು ಬಂದರೂ, ಏನಾಯಿತು ಅಂತ ಕಂಪ್ಯೂಟರ್ ಬರೆದಿಟ್ಟ ಲಾಗ್ ಯಾರೂ ತೆಗೆಯುವುದಿಲ್ಲ. ಬೆರಳು ತಾನೇ ರೀರನ್ ಕಡೆ ಹೋಗುತ್ತದೆ. ನನ್ನದೂ ಹೋಗಿತ್ತಲ್ಲ.

ನನ್ನ ತಕರಾರು ರೀರನ್ ಮೇಲಲ್ಲ. ಒತ್ತಿ ಮರೆತುಬಿಡುವುದರ ಮೇಲೆ.

ನಮ್ಮಲ್ಲೇ ನಡೆದದ್ದು ಹೇಳುತ್ತೇನೆ. ಒಂದು ಟೆಸ್ಟ್ ಇತ್ತು. ಬಿಲ್ ಮಾಡು, ಬಿಲ್ಲಿನ ಮೇಲೆ ಇವತ್ತಿನ ತಾರೀಖು ಇದೆಯಾ ನೋಡು, ಅಷ್ಟೇ. ಮೂರು ತಿಂಗಳು ಕಾಡಿತು. ಬಿದ್ದಾಗೆಲ್ಲ ಯಾರೋ ಬೆಳಗ್ಗೆ ಬಂದು ರೀರನ್ ಒತ್ತುವುದು, ಹಸಿರಾಗುವುದು. "ಸರ್ವರ್ ಲೋಡ್ ಜಾಸ್ತಿ" ಅಂತ ಒಬ್ಬರು, "ನೆಟ್‌ವರ್ಕ್" ಅಂತ ಇನ್ನೊಬ್ಬರು. ಊರಿಂದ ವಾಪಸ್ ಬಂದ ಮೇಲೆ ಒಂದು ಶೀಟ್ ಶುರು ಮಾಡಿದೆ. ಟೆಸ್ಟ್ ಹೆಸರು, ಯಾವ ಮಷೀನ್, ಎಷ್ಟು ಗಂಟೆಗೆ ಬಿತ್ತು, ಎರರ್ ಏನು. ಒಂಬತ್ತು ಸಾಲು ಆಗುವಷ್ಟರಲ್ಲಿ ಗಂಟೆಯ ಕಾಲಂ ಕಣ್ಣಿಗೆ ಹೊಡೆಯಿತು. 12:40. 1:15. 3:05. 4:50. ಎಲ್ಲಾ ರಾತ್ರಿ. ಬೆಳಗಿನ ಜಾವ 5:30 ದಾಟಿದ ಒಂದು ಸಾಲೂ ಇಲ್ಲ.

ನಮ್ಮ ಗಡಿಯಾರ ಜಗತ್ತಿಗೆಲ್ಲ ಅಳತೆಗೋಲಾದ ಯುಟಿಸಿ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಬಿಲ್ ಬರೆಯುವ ಕೋಡ್ ಭಾರತದ ತಾರೀಖು ಹಾಕುತ್ತಿತ್ತು. ಟೆಸ್ಟ್ ಮಾತ್ರ ಸರ್ವರ್ ತಾರೀಖು ಕೇಳುತ್ತಿತ್ತು, ಸರ್ವರ್ ಇದ್ದದ್ದು ಯುಟಿಸಿಯಲ್ಲಿ. ಇಲ್ಲಿ ರಾತ್ರಿ 2 ಗಂಟೆ ಅಂದರೆ ಅಲ್ಲಿ ಇನ್ನೂ ಹಿಂದಿನ ದಿನ ರಾತ್ರಿ 8:30. ಅಮೆರಿಕ ಶಿಫ್ಟ್‌ನವರು ಆ ಹೊತ್ತಿಗೆ ಕೋಡ್ ಹಾಕಿದರೆ ಕೆಂಪು. ನಾವು ಹತ್ತು ಗಂಟೆಗೆ ಬಂದು ಒತ್ತಿದರೆ ಎರಡು ಕಡೆಯೂ ಒಂದೇ ತಾರೀಖು, ಹಸಿರು. ಸರಿ ಮಾಡಲು ಹಿಡಿದದ್ದು ಹತ್ತು ನಿಮಿಷ.

ಅಂಕಿಗಳನ್ನು ಬರೆದಿಟ್ಟು ಒಟ್ಟಿಗೆ ನೋಡುವುದನ್ನು ಮಂಡ್ಯದವರಿಗೆ ಹೇಳಿಕೊಡಬೇಕಾ? ಕೆಆರ್‌ಎಸ್ ಮಟ್ಟ ದಿನಾ ಪೇಪರಿನಲ್ಲಿ ನೋಡುತ್ತೇವೆ. ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಒಂದು ದಿನದ ಅಂಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹತ್ತು ದಿನದ್ದು ನೋಡಿದರೆ ನಾಲೆಗೆ ನೀರು ಬಿಡುತ್ತಾರಾ ಇಲ್ಲವಾ ಅಂತ ಅಪ್ಪನೇ ಹೇಳಿಬಿಡುತ್ತಾರೆ.

ಫೇಲ್ ಆದರೆ ತಾನೇ ಮೂರು ಸಲ ಓಡಿಸುವ ಆಟೋ ರೀಟ್ರೈ ಇದೆ. ಇರಲಿ. ಎರಡನೇ ಸಲಕ್ಕೆ ಪಾಸಾದದ್ದನ್ನು ಬರೀ "ಪಾಸ್" ಅಂತ ತೋರಿಸುವುದು ಮಾತ್ರ ಮೋಸ. ಅದಕ್ಕೆ ಬೇರೆ ಬಣ್ಣ ಬೇಕು, ಶೀಟಿನಲ್ಲಿ ಸಾಲು ಬೇಕು. ಇನ್ನು ಕ್ವಾರಂಟೈನ್. ಕಾಟ ಕೊಡುವ ಟೆಸ್ಟನ್ನು ಪಕ್ಕಕ್ಕೆ ಎತ್ತಿಡುವುದು. ಒಳ್ಳೆಯದೇ, ಆದರೆ ಯಾರು ನೋಡುತ್ತಾರೆ, ಯಾವತ್ತಿನೊಳಗೆ ಅಂತ ಬರೆಯದೆ ಇಟ್ಟರೆ ಅದು ಅಟ್ಟಕ್ಕೆ ಹಾಕಿದ ಹಳೇ ಪಾತ್ರೆ. ಯಾರೂ ಇಳಿಸುವುದಿಲ್ಲ. ಟೆಸ್ಟ್ ನಡುವೆ ಸುಮ್ಮನೆ ಕಾಯಿಸುವ ಸ್ಲೀಪ್ ಐದು ಸೆಕೆಂಡ್ ಇದ್ದದ್ದನ್ನು ಹತ್ತು ಮಾಡಿ ಕೈತೊಳೆದುಕೊಳ್ಳುವವರ ಬಗ್ಗೆ ಇನ್ನೊಂದು ದಿನ ಮಾತಾಡೋಣ. ನಾನೂ ಮಾಡಿದ್ದೀನಿ.

"ಇದಕ್ಕೆಲ್ಲ ಟೈಮ್ ಎಲ್ಲಿ?" ಅಂತ ಮೀಟಿಂಗ್‌ನಲ್ಲಿ ಕೇಳಿದರು. ಒಂದು ಸಾಲು ಬರೆಯಲು ಅರ್ಧ ನಿಮಿಷ. ನಮ್ಮ ಬಿಲ್ಡ್ ಒಂದು ಸಲ ಓಡಲು 25 ನಿಮಿಷ.

ಶೀಟಿನಲ್ಲಿ ಈಗ ಒಂದು ಸಾಲು ಉಳಿದಿದೆ. ಒಂಟಿಯಾಗಿ ಓಡಿಸಿದರೆ ಯಾವಾಗಲೂ ಪಾಸ್, ಎಲ್ಲದರ ಜೊತೆ ಓಡಿಸಿದರೆ ಯಾವಾಗಲೋ ಒಮ್ಮೆ ಫೇಲ್. ಅದಕ್ಕಿಂತ ಮುಂಚೆ ಓಡುವ ಯಾವುದೋ ಟೆಸ್ಟ್ ಡೇಟಾಬೇಸಿನಲ್ಲಿ ಕಸ ಬಿಟ್ಟು ಹೋಗುತ್ತಿದೆ ಅಂತ ನನ್ನ ಅನುಮಾನ. ಪ್ರತಿ ಸಲ ಕ್ರಮ ಬದಲಿಸಿ ರಾತ್ರಿಯಿಡೀ ಓಡಲಿ ಅಂತ ಹಾಕಿ ಬಂದಿದ್ದೀನಿ. ಬೆಳಗ್ಗೆ ಹೋಗಿ ನೋಡಬೇಕು.