ಎಳೆ ಕಟ್ಟೋಕೆ ಜಾಗ

ಕೇಳುಗರಿಗೆ ನಮಸ್ಕಾರ.

ಜೇಡಗಳ ಬಗ್ಗೆ ಮಾತಾಡುತ್ತೇನೆ ಅಂದರೆ, "ಅದಕ್ಕೆ ಆಗುಂಬೆಗೆ ಹೋಗಬೇಕು, ನಮ್ಮ ಕೋಲಾರದಲ್ಲಿ ಏನಿದೆ, ಅಟ್ಟದ ಮೇಲಿನ ಬಲೆ ಬಿಟ್ಟರೆ" ಅನ್ನುವವರೇ ಜಾಸ್ತಿ. ಅರ್ಧ ನಿಜ. ಜಗತ್ತಿನಲ್ಲಿ ಹೆಸರು ಪಡೆದ ಜೇಡಗಳ ಬಗೆ 2022ರಲ್ಲೇ 50,000 ದಾಟಿತು. ಮಳೆಕಾಡುಗಳಲ್ಲಂತೂ ಹೆಸರೇ ಇಲ್ಲದವು ಇನ್ನೂ ಸಿಗುತ್ತಲೇ ಇವೆ.

ಅಲ್ಲೇ ಯಾಕೆ ಇಷ್ಟೊಂದು? ಮಳೆ ಇದ್ದರೆ ವರ್ಷವಿಡೀ ಹುಳ, ಹುಳ ಇದ್ದರೆ ಊಟ. ಸರಿ. ಆದರೆ ಊಟದಷ್ಟೇ ಮುಖ್ಯ ಎಳೆ ಕಟ್ಟಲು ಜಾಗ ಅಂತ ನನಗನ್ನಿಸುತ್ತದೆ. ಮಳೆಕಾಡು ಅಂದರೆ ಮಹಡಿ ಮೇಲೆ ಮಹಡಿ. ಕೆಳಗಿನ ತರಗೆಲೆಯಲ್ಲಿ ಎರಡು ಮಿಲಿಮೀಟರ್ ಕೂಡ ಇಲ್ಲದ ಜೇಡ. ಪಶ್ಚಿಮ ಘಟ್ಟದ ಮರದ ಪೊಟರೆಯಲ್ಲಿ ಅಂಗೈಯಗಲದ, ಮೈತುಂಬ ರೋಮದ ಜೇಡ. ಮರದಿಂದ ಮರಕ್ಕೆ ಬಲೆ ಹಾಕುವ ದೈತ್ಯ ಜೇಡ ಕಾಲು ಚಾಚಿದರೆ ಹತ್ತಿರ ಹತ್ತಿರ ಒಂದು ಗೇಣು. ಅದರ ಬಲೆ ಬಿಸಿಲಲ್ಲಿ ಬಂಗಾರದ ಬಣ್ಣ. ಇದೆಲ್ಲ ಹೆಣ್ಣಿನ ಮಾತು. ಗಂಡು ಐದಾರು ಮಿಲಿಮೀಟರ್, ಬಲೆಯ ಅಂಚಿನಲ್ಲಿ ಹೆದರಿಕೊಂಡು ಕೂತಿರುತ್ತದೆ. ನೋಡಿದವರು ಮರಿ ಅಂದುಕೊಳ್ಳುತ್ತಾರೆ, ಪಾಪ.

ತೇವದ್ದೂ ಒಂದು ಲೆಕ್ಕ ಇದೆ. ಚಕ್ರದಂಥ ಬಲೆ ನೇಯುವ ಬಹಳಷ್ಟು ಜೇಡಗಳು ಎಳೆಯ ಮೇಲೆ ಅಂಟಿನ ಸಣ್ಣ ಸಣ್ಣ ಹನಿ ಇಡುತ್ತವೆ. ಆ ಅಂಟು ಗಾಳಿಯ ತೇವ ಹೀರಿಕೊಂಡೇ ಹಸಿಯಾಗಿರಬೇಕು. ಧೂಳು ಕೂತರೆ, ಗಾಳಿ ಒಣಗಿದರೆ ಹಿಡಿತ ಕಮ್ಮಿ.

ಹಾಗಾದರೆ ನಮ್ಮ ಬಯಲುಸೀಮೆಯಲ್ಲಿ? ಹೊಲದ ಬದುವಿನ ಜಾಲಿ ಬೇಲಿ ನೋಡಿದ್ದೀರಲ್ವಾ? ಮುಳ್ಳಿನ ಸಂದಿಯಲ್ಲಿ ಬೂದಿ ಬಣ್ಣದ, ಕಸ ಮೆತ್ತಿದ ಗಂಟೊಂದು ಇರುತ್ತದೆ. ಕಡ್ಡಿಯಿಂದ ಮುಟ್ಟಿದರೆ ಅಂಟಿನ ತೇವ ಇಲ್ಲ, ಆದರೂ ಕಡ್ಡಿ ಬಿಡಿಸಿಕೊಳ್ಳುವುದು ಕಷ್ಟ. ಈ ಜೇಡ ಹಿಂಗಾಲಿನ ಮೇಲಿರುವ ಬಾಚಣಿಗೆಯಂಥ ಕೂದಲಿನಿಂದ ತನ್ನ ನೂಲನ್ನು ಬಾಚಿ, ಕಣ್ಣಿಗೆ ಕಾಣದಷ್ಟು ಸಣ್ಣ ನವಿರು ಮಾಡುತ್ತದೆ. ಹುಳದ ಕಾಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಒಣ ನಾಡಿಗೆ ಹೇಳಿ ಮಾಡಿಸಿದ ಬಲೆ.

ಒಂದು ಮಿಡತೆ ಬಿತ್ತು ಅನ್ನಿ. ಗಂಟಿನೊಳಗಿಂದ ಮೊದಲು ಒಂದು ಜೇಡ ಬರುತ್ತದೆ, ಹಿಂದೆಯೇ ನಾಲ್ಕು, ಆರು, ಹತ್ತು. ಒಬ್ಬರು ಕಾಲಿಗೆ, ಒಬ್ಬರು ಮೀಸೆಗೆ ಬಾಯಿ ಹಾಕಿ, ಎಲ್ಲರೂ ಒಂದೇ ಊಟಕ್ಕೆ ಕೂರುತ್ತಾರೆ. ಒಂಟಿಯಾಗಿ ಬದುಕುವ, ಸಿಕ್ಕರೆ ಪಕ್ಕದವರನ್ನೇ ತಿನ್ನುವ ಜಾತಿಯಲ್ಲಿ ಇದು ಅಪರೂಪ. ಹೀಗೆ ಬದುಕಿಡೀ ಕೂಡಿ ಬಾಳುವ ಜೇಡಗಳು ಜಗತ್ತಿನಲ್ಲಿ 25ರ ಆಸುಪಾಸು ಬಗೆ ಅಷ್ಟೇ. ಅಮೆಜಾನ್ ಕಾಡಿನಲ್ಲಿ ಒಂದು ಜಾತಿ ಸಾವಿರಾರು ಸೇರಿ ಸಂಸಾರ ಮಾಡುತ್ತದೆ. ಇನ್ನೊಂದು ಇಗೋ, ನಮ್ಮ ಬೇಲಿಯಲ್ಲಿದೆ. ಅಕ್ಕರೆಯ ಕೊನೆ ಮಾತ್ರ ಸ್ವಲ್ಪ ಕಠಿಣ: ಮರಿಗಳು ದೊಡ್ಡವಾಗುತ್ತ ಸಾಕಿದ ತಾಯಿಯನ್ನೇ ತಿನ್ನುತ್ತವೆ.

ಎರಡು ಬಗೆಯ ಜಾಗ ಒಂದೇ ದಿನ ನೋಡಬೇಕಾದರೆ ನಂದಿಬೆಟ್ಟಕ್ಕೆ ಸುಲ್ತಾನ್‌ಪೇಟೆ ಕಡೆಯಿಂದ ಮೆಟ್ಟಿಲು ಹತ್ತಿ. ಕೆಳಗೆ ಕುರುಚಲು, ಕಾದ ಬಂಡೆ. 1,478 ಮೀಟರ್ ಎತ್ತರದ ತುದಿಯಲ್ಲಿ ಮಂಜು, ಪಾಚಿ ಹಿಡಿದ ಮರ. ಬಿಸಿಲೇರುವ ಮೊದಲು ಹೋದರೆ ಬಲೆಗಳ ಮೇಲೆ ಇಬ್ಬನಿ ಇರುತ್ತದೆ, ಹುಡುಕುವ ಕಷ್ಟ ಇಲ್ಲ.

ಈಗ ಬೇಲಿಯ ಜಾಗಕ್ಕೆ ತಂತಿ, ಕಲ್ಲುಕಂಬ ಬಂದಿವೆ. ಬದುವಿಗೂ ಕಳೆನಾಶಕ ಹೊಡೆಯುತ್ತೇವೆ. ಹೊಲದ ಹುಳ ತಿನ್ನುವ ಜೇಡ ಎಲ್ಲಿ ಎಳೆ ಕಟ್ಟಬೇಕು? ನನ್ನ ಕೇಳಿದರೆ, ಒಂದು ಮೂಲೆಯ ಜಾಲಿಯನ್ನಾದರೂ ಹಾಗೇ ಬಿಡಿ.

ಬಲೆಯನ್ನೇ ಕಟ್ಟದ ಜೇಡಗಳೂ ಹೊಲದಲ್ಲಿ ಬೇಕಾದಷ್ಟಿವೆ. ರಾತ್ರಿ ಟಾರ್ಚನ್ನು ಹಣೆಯ ಹತ್ತಿರ, ಕಣ್ಣಿನ ಮಟ್ಟಕ್ಕೆ ಹಿಡಿದು ರಾಗಿ ಹೊಲದ ನೆಲದ ಮೇಲೆ ಬೆಳಕು ಬಿಡಿ. ಅಲ್ಲಲ್ಲಿ ಹಸಿರು ಮಿಂಚಿದರೆ ಅದು ತೋಳ ಜೇಡದ ಕಣ್ಣು. ಟಾರ್ಚ್ ಕೆಳಗಿಳಿಸಿದರೆ ಕಾಣಿಸುವುದಿಲ್ಲ. ಬರಿಗಾಲಲ್ಲಿ ಮಾತ್ರ ಹೋಗಬೇಡಿ, ಹಾವೂ ಅದೇ ಹೊತ್ತಿಗೆ ಓಡಾಡುತ್ತದೆ.