ಫಲಕ ಹಿಡಿದ ಕುಮಾಗಾಯಿ

ಕೇಳುಗರಿಗೆ ನಮಸ್ಕಾರ.

ಜಪಾನಿನ ಕಬುಕಿ ನಾಟಕಗಳನ್ನು ಕುರಿತ ಮರದಚ್ಚಿನ ಚಿತ್ರಗಳಲ್ಲಿ ಒಬ್ಬ ಯೋಧ ಮತ್ತೆ ಮತ್ತೆ ಕಾಣಿಸುತ್ತಾನೆ. ಮೆಟ್ಟಿಲ ಮೇಲೆ ಕಾಲೂರಿ, ಉದ್ದನೆಯ ಗಳುವಿಗೆ ಜಡಿದ ಫಲಕವೊಂದನ್ನು ಹಿಡಿದು ದುರುಗುಟ್ಟುತ್ತಾನೆ. ಅವನೇ ಕುಮಾಗಾಯಿ ನಾವೊಜಾನೆ.

1184ರ ಇಚಿನೊತಾನಿ ಕಾಳಗದಲ್ಲಿ ಅವನು ಶತ್ರುಪಕ್ಷದ ಎಳೆಯ ಅತ್ಸುಮೊರಿಯನ್ನು ಕೊಂದ, ಆಮೇಲೆ ಮನಸ್ಸು ಮುರಿದು ಸನ್ಯಾಸಿಯಾದ ಎನ್ನುವುದು ಹಳೆಯ ಕಥನ. 1751ರಲ್ಲಿ ಒಸಾಕಾದ ಗೊಂಬೆಯಾಟಕ್ಕಾಗಿ ನಾಟಕಕಾರ ನಮಿಕಿ ಸೋಸುಕೆ ಮತ್ತು ಜೊತೆಗಾರರು ಇದನ್ನು ತಿರುವುಮುರುವು ಮಾಡಿದರು. ಹಳೆಯ ಕಥನದಲ್ಲಿ ಗಾಯಗೊಂಡರೂ ಬದುಕಿದ ಕುಮಾಗಾಯಿಯ ಮಗ ಕೊಜಿರೋ ಇಲ್ಲಿ ಸತ್ತ. ಸತ್ತಿದ್ದ ಅತ್ಸುಮೊರಿ ಉಳಿದ. ಎಂಥ ಧೈರ್ಯ ನೋಡಿ! ಇದೇ ಆಟ ಮುಂದೆ ಕಬುಕಿಗೂ ಬಂತು.

ಒಡೆಯ ಯೊಶಿತ್ಸುನೆ ಚೆರಿ ಮರದ ಬಳಿ ನೆಡಿಸಿದ ಫಲಕದಲ್ಲಿ, ಕೊಂಬೆಯೊಂದನ್ನು ಕಡಿದವನ ಬೆರಳೊಂದನ್ನು ಕಡಿಯಬೇಕು ಎಂದಿದೆ. ಕುಮಾಗಾಯಿ ಅದರಲ್ಲಿ ಗುಟ್ಟಿನ ಅಪ್ಪಣೆಯನ್ನು ಓದಿಕೊಂಡ: ಕೊಂಬೆಗೆ ಬೆರಳಿನಂತೆ ಮಗನಿಗೆ ಮಗ; ರಾಜರಕ್ತದ ಅತ್ಸುಮೊರಿಯನ್ನು ಉಳಿಸು, ಬದಲಿಗೆ ನಿನ್ನ ಮಗನನ್ನು ಕೊಡು. ಅತ್ಸುಮೊರಿಯ ತಾಯಿ ಫುಜಿಯ ಋಣವೂ ಅವನ ಮೇಲಿತ್ತು. ಹಿಂದೆ ಅರಮನೆಯಲ್ಲಿ ಅವನ ಮತ್ತು ಮುಂದೆ ಅವನ ಹೆಂಡತಿಯಾದ ಸಗಾಮಿಯ ಕದ್ದ ಪ್ರೇಮ ಬಯಲಾದಾಗ ಇಬ್ಬರನ್ನೂ ಕಾಪಾಡಿದವಳು ಅವಳು.

ಚಿತ್ರಗಾರರು ಹಿಡಿದ ಗಳಿಗೆ ಇದು. ಅತ್ಸುಮೊರಿಯದೆಂದು ಯೊಶಿತ್ಸುನೆಗೆ ಒಪ್ಪಿಸುವ ತಲೆಯಿಟ್ಟ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಹೆಂಡತಿ ಸಗಾಮಿಗೆ ಕಂಡದ್ದು ಹೆತ್ತ ಮಗನ ಮುಖ. ಮುನ್ನುಗ್ಗುವ ಅವಳನ್ನು ಗಂಡ ಅದೇ ಫಲಕ ಅಡ್ಡ ಹಿಡಿದು ತಡೆಯುತ್ತಾನೆ. ಅವಳು ಚೀರಿದರೆ ಗುಟ್ಟು ಬಯಲು, ಮಗನ ಸಾವು ವ್ಯರ್ಥ. ಕೊನೆಗೆ ಆ ತಲೆಯನ್ನು ಫುಜಿಗೆ ತೋರಿಸುವ ಕೆಲಸವೂ ಸಗಾಮಿಯ ಪಾಲಿಗೇ ಬರುತ್ತದೆ.

ಇಂಥ ಚಿತ್ರಗಳನ್ನು ಚೆರಿ ಮರದ ಹಲಗೆಯಲ್ಲಿ ಕೆತ್ತಿ, ಬಣ್ಣಬಣ್ಣಕ್ಕೂ ಬೇರೆ ಹಲಗೆಯಿಂದ ಒತ್ತುತ್ತಿದ್ದರು. ಕೊಳ್ಳುವವರಿಗೆ ಬೇಕಿದ್ದದ್ದು ಮೆಚ್ಚಿನ ನಟನ ಮುಖ. 1842ರಲ್ಲಿ ಸರ್ಕಾರ ನಟರ ಚಿತ್ರಗಳನ್ನು ನಿಷೇಧಿಸಿತು. ಕೆಲಕಾಲದಲ್ಲೇ ಪ್ರಕಾಶಕರು ನಟನ ಹೆಸರು ಬಿಟ್ಟು ಅಚ್ಚು ಹಾಕತೊಡಗಿದರು. ಕುನಿಸಾದನಂಥ ಚಿತ್ರಗಾರರು ಬರೆದ ಮೂಗು, ದವಡೆ ನೋಡಿಯೇ ಅಭಿಮಾನಿಗಳು ಗುರುತು ಹಿಡಿಯುತ್ತಿದ್ದರು.

ಈ ನಾಟಕಕ್ಕೆ ಎರಡು ಮುಕ್ತಾಯಗಳಿವೆ. ಹಳೆಯ ಪದ್ಧತಿಯಲ್ಲಿ ಕೊನೆಯವರೆಗೂ ಸಗಾಮಿ ರಂಗದ ಮೇಲಿರುತ್ತಾಳೆ. ಒಂಬತ್ತನೆಯ ಇಚಿಕಾವಾ ದಾನ್‌ಜೂರೋ ಎಂಬ ನಟ ಅದನ್ನು ಬದಲಿಸಿದ. ಪರದೆ ಎಳೆದ ಮೇಲೆ ತಲೆ ಬೋಳಿಸಿದ ಕುಮಾಗಾಯಿ ಒಬ್ಬನೇ ಹೊರಗುಳಿದು, ಪ್ರೇಕ್ಷಕರ ನಡುವಿನ ಹಾದಿಯಲ್ಲಿ, ಮಗ ಬದುಕಿದ್ದ ಹದಿನಾರು ವರ್ಷವೂ ಕನಸು ಎಂದು ಹಲುಬುತ್ತಾನೆ. ಈಗ ಹೆಚ್ಚಾಗಿ ಆಡುವುದು ಇದನ್ನೇ. ನನಗೆ ಹಳೆಯದೇ ಸರಿ ಎನಿಸುತ್ತದೆ. ಮಗನನ್ನು ಕೊಡುವಾಗ ಸಗಾಮಿಯನ್ನು ಯಾರೂ ಕೇಳಲಿಲ್ಲ. ಅಳುವ ಹೊತ್ತಿಗಾದರೂ ಅವಳನ್ನು ಪರದೆಯ ಹಿಂದಕ್ಕೆ ತಳ್ಳಬಾರದಿತ್ತು.

ನಮಸ್ಕಾರ.